ಪದ್ಯ ನಿಮ್ಮದು, ಅರ್ಥ ಅವರದು

ಪ್ರಶ್ನೆ: ನಾವು ಆರು ಮಂದಿ ಸ್ನೇಹಿತರು ಮೂರು ತಿಂಗಳಿಂದ ಪ್ರತಿ ಭಾನುವಾರ ಮಧ್ಯಾಹ್ನ ಉಡುಪಿಯ ಕಡಿಯಾಳಿಯ ಒಂದು ಮನೆಯಲ್ಲಿ ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತಿದ್ದೇವೆ. ಆಟ ನಡೆಸುವ ಡಿಎಂ ನಾನು. ಮೊದಲ ಕಥೆಗಾಗಿ ಒಂದು ತಿಂಗಳು ಕುಳಿತು ಎಂಬತ್ತು ಪುಟ ಬರೆದೆ. ಆಟಗಾರರು ಅರ್ಧ ಗಂಟೆಯಲ್ಲೇ ನಾನು ಕಟ್ಟಿದ ಕೋಟೆಯನ್ನು ಬಿಟ್ಟು ಬಂದರಿನ ಕಡೆಗೆ ಹೊರಟರು. ಎಳೆದು ತಂದರೆ ಅವರ ಮುಖ ಸಪ್ಪಗಾಗುತ್ತದೆ, ಬಿಟ್ಟರೆ ನನಗೆ ಹೇಳಲು ಏನೂ ಉಳಿಯುವುದಿಲ್ಲ. ದಾಳ ಹಾಕಿಸಿದಾಗಲೆಲ್ಲ ಆಟ ನಿಂತುಬಿಡುತ್ತದೆ. ಒಬ್ಬ ಗೆಳೆಯ ಎಲ್ಲರ ಪಾಲಿನ ಮಾತನ್ನೂ ತಾನೇ ಆಡುತ್ತಾನೆ, ಒಬ್ಬ ಗೆಳತಿ ಮೂರು ಗಂಟೆಯಲ್ಲಿ ಮೂರು ಮಾತು ಆಡುವುದಿಲ್ಲ. ಪಾತ್ರಗಳು ಇಂಗ್ಲಿಷಿನಲ್ಲಿ ಮಾತನಾಡಿದರೆ ಕೃತಕ ಎನಿಸುತ್ತದೆ, ಕನ್ನಡದಲ್ಲಿ ಆಡಲು ಎಲ್ಲರಿಗೂ ಸಂಕೋಚ. ಕಳೆದ ಎರಡು ವಾರ ಇಬ್ಬರು ಬರಲೇ ಇಲ್ಲ. ಈ ಆಟವನ್ನು ಉಳಿಸಿಕೊಳ್ಳುವುದು ಹೇಗೆ?

ಉತ್ತರ: ಆ ಎಂಬತ್ತು ಪುಟಗಳನ್ನು ಹರಿದು ಎಸೆಯಬೇಡಿ. ಮುಂದಿನ ಭಾನುವಾರ ಅವನ್ನು ಮೇಜಿಗೆ ತರಲೂ ಬೇಡಿ. ನಿಮ್ಮ ಪತ್ರದಲ್ಲಿ ಹಲವು ದೂರುಗಳಿವೆ. ಅವುಗಳಲ್ಲಿ ಹೆಚ್ಚಿನವುಗಳ ಬೇರು ನನಗೆ ಒಂದೇ ಕಡೆ ಕಾಣಿಸುತ್ತದೆ: ಮೇಜಿನ ಸುತ್ತ ಎಲ್ಲರೂ ಸೇರಿ ಮಾಡಬೇಕಾದ ಕೆಲಸವನ್ನು ನೀವು ಮನೆಯಲ್ಲೇ ಒಬ್ಬರೇ ಮಾಡಿ ಮುಗಿಸಿ ಬರುತ್ತಿದ್ದೀರಿ.

ಈ ಆಟವನ್ನು ನೋಡದ ಓದುಗರಿಗಾಗಿ ಎರಡು ಮಾತು. ನಾಲ್ಕೈದು ಮಂದಿ ಸುತ್ತ ಕುಳಿತು ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸುತ್ತಾರೆ: ಒಬ್ಬ ಕಳ್ಳ, ಒಬ್ಬಳು ಯೋಧೆ, ಒಬ್ಬ ಮಂತ್ರವಾದಿ. ಇನ್ನೊಬ್ಬರು ಆಟ ನಡೆಸುತ್ತಾರೆ. ಊರು, ಕಾಡು, ಶತ್ರು, ಅಂಗಡಿಯವನು, ಮಳೆ, ಎಲ್ಲವೂ ಅವರ ಬಾಯಿಂದ ಬರುತ್ತದೆ. "ಬಾಗಿಲು ಮುಚ್ಚಿದೆ. ಒಳಗೆ ಯಾರೋ ಕೆಮ್ಮಿದರು. ಏನು ಮಾಡುತ್ತೀರಿ?" ಎಂದು ಅವರು ಕೇಳುತ್ತಾರೆ, ಆಟಗಾರರು ಉತ್ತರಿಸುತ್ತಾರೆ, ಆಗುತ್ತದೋ ಇಲ್ಲವೋ ಎಂಬ ಸಂದೇಹವಿರುವಲ್ಲಿ ದಾಳ ತೀರ್ಮಾನಿಸುತ್ತದೆ. ಆಟದ ಕೊನೆಗೆ ಉಳಿಯುವುದು ಒಂದು ಕಥೆ. ಅದು ಹೀಗೆಯೇ ಆಗುತ್ತದೆ ಎಂದು ಕುಳಿತವರಲ್ಲಿ ಯಾರಿಗೂ ಮೊದಲೇ ಗೊತ್ತಿರಲಿಲ್ಲ ಎಂಬುದೇ ಅದರ ಸೊಗಸು.

ನಿಮ್ಮ ಗೆಳೆಯರು ಕೋಟೆಯನ್ನು ಬಿಟ್ಟು ಬಂದರಿಗೆ ಹೋದದ್ದನ್ನು ಓದಿದಾಗ ನನಗೆ ಈ ಆಟ ಹುಟ್ಟಿದ ಬಗೆ ನೆನಪಾಯಿತು. 1969ರ ಹೊತ್ತಿಗೆ ಅಮೆರಿಕದ ಮಿನೆಸೋಟಾದಲ್ಲಿ ಡೇವಿಡ್ ವೆಸ್ಲಿ ಎಂಬ ಯುವಕ ನೆಪೋಲಿಯನ್ ಕಾಲದ ಯುದ್ಧದ ಆಟವೊಂದನ್ನು ಸಿದ್ಧಪಡಿಸಿದರು. ಬ್ರೌನ್‌ಸ್ಟೈನ್ ಎಂಬ ಕಾಲ್ಪನಿಕ ಜರ್ಮನ್ ಊರು ಅದರ ಕಣ. ಸೈನ್ಯಗಳು ಬರುವ ಮೊದಲು ಆ ಊರಿನ ಮೇಯರ್, ಬ್ಯಾಂಕಿನವನು, ವಿಶ್ವವಿದ್ಯಾಲಯದ ಮುಖ್ಯಸ್ಥ ಎಂದು ಗೆಳೆಯರಿಗೆ ಒಂದೊಂದು ಪಾತ್ರವನ್ನೂ ಒಂದೊಂದು ಗುರಿಯನ್ನೂ ಹಂಚಿದರು. ಆಟಗಾರರು ಅವರಿಗಾಗಿ ಕಾಯಲಿಲ್ಲ. ಮೂಲೆ ಮೂಲೆಯಲ್ಲಿ ನಿಂತು ತಮ್ಮತಮ್ಮಲ್ಲೇ ಸಂಚು ಹೂಡಿದರು. ಇಬ್ಬರು ದ್ವಂದ್ವಯುದ್ಧಕ್ಕೆ ನಿಂತರು. ಅದಕ್ಕೆ ನಿಯಮವೇ ಇರಲಿಲ್ಲ, ವೆಸ್ಲಿ ನಿಂತಲ್ಲೇ ಒಂದನ್ನು ಕಟ್ಟಬೇಕಾಯಿತು. ಯೋಜಿಸಿದ್ದ ಯುದ್ಧದ ತನಕ ಆಟ ಹೋಗಲೇ ಇಲ್ಲ. ತನ್ನ ಆಟ ಕೆಟ್ಟಿತೆಂದು ಅವರು ಬೇಸರಪಟ್ಟರೆ, ಬಂದವರೆಲ್ಲ ಇನ್ನೊಮ್ಮೆ ಆಡೋಣ ಎಂದು ಬೆನ್ನುಹತ್ತಿದರು. ಆ ಬಳಗದ ಡೇವ್ ಆರ್ನೆಸನ್ ಇದೇ ಜಾಡಿನಲ್ಲಿ ತಮ್ಮದೊಂದು ಲೋಕವನ್ನು ಕಟ್ಟಿದರು, ಗ್ಯಾರಿ ಗೈಗ್ಯಾಕ್ಸ್ ಅವರೊಂದಿಗೆ ಸೇರಿದರು, 1974ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಚ್ಚಾಗಿ ಬಂತು. ನೀವು ಯಾವುದನ್ನು ಸೋಲೆಂದು ಬರೆದಿದ್ದೀರೋ ಅದರಿಂದಲೇ ಈ ಆಟ ಹುಟ್ಟಿದೆ. ನಿಮ್ಮ ಗೆಳೆಯರು ಕೋಟೆಯನ್ನು ಬಿಟ್ಟದ್ದು ನಿಮ್ಮ ಲೋಕ ಅವರಿಗೆ ನಿಜವೆನಿಸಿದ್ದರಿಂದ. ಬಂದರು ಇದೆ ಎಂದು ನೀವು ಹೇಳಿದಿರಿ, ಅವರು ನಂಬಿದರು.

ನಮ್ಮ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳುವುದು ಸುಲಭ, ನಾವು ತಾಳಮದ್ದಳೆ ಕೇಳಿ ಬೆಳೆದವರು. ಚಂಡೆ ಮದ್ದಳೆಗಳ ಜೊತೆ ಪದ್ಯ ಹಾಡುವ ಭಾಗವತರು, ಎದುರುಬದುರಾಗಿ ಪಾತ್ರಗಳಾಗಿ ಮಾತನಾಡುವ ಅರ್ಥಧಾರಿಗಳು. ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಸಂಭಾಷಣೆಯಿಲ್ಲ. ಪದ್ಯ ನಾಲ್ಕೇ ಸಾಲು. ಅದರ ಮೇಲೆ ಅರ್ಥಧಾರಿ ಕಟ್ಟುವ ಮಾತಿಗೆ ಅರ್ಥ ಎನ್ನುತ್ತಾರೆ, ಅದು ಅರ್ಧ ಗಂಟೆಯಾದರೂ ನಡೆಯಬಹುದು. ಮರೆಯಿಂದ ಬಂದ ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಏನೇನು ಕೇಳಲಿದ್ದಾನೆ ಎಂಬುದು ಆ ರಾತ್ರಿ ಆ ವಾಲಿಯ ಬಾಯಿಂದ ಬರುವ ತನಕ ಯಾರಿಗೂ ತಿಳಿಯದು, ಎದುರು ಕುಳಿತ ರಾಮನಿಗೂ ತಿಳಿಯದು. ಭಾಗವತರು ಅರ್ಥ ಹೇಳುವುದಿಲ್ಲ. ಆದರೂ ಇಡೀ ರಾತ್ರಿ ಅವರ ಕೈಯಲ್ಲಿದೆ. ಯಾವ ಪದ್ಯವನ್ನು ಎತ್ತಿಕೊಳ್ಳಬೇಕು, ಯಾವುದನ್ನು ಬಿಡಬೇಕು, ಮಾತು ದಾರಿ ತಪ್ಪಿ ಉದ್ದವಾದಾಗ ಎಲ್ಲಿ ಮುಂದಿನ ಪದ್ಯಕ್ಕೆ ತಾಳ ಹಾಕಬೇಕು ಎಂಬುದನ್ನು ಅವರು ಬಲ್ಲರು.

ಡಿಎಂ ಕೂಡ ಹಾಗೆಯೇ. ನೀವು ಪದ್ಯ ಎತ್ತಿಕೊಡಬೇಕು, ಅರ್ಥವನ್ನು ಆಟಗಾರರು ಹೇಳಬೇಕು. ನಿಮ್ಮ ಎಂಬತ್ತು ಪುಟಗಳಲ್ಲಿ ಅರ್ಥವೇ ತುಂಬಿದೆ ಎಂದು ನನ್ನ ಊಹೆ: ಅವರು ಕೋಟೆಗೆ ಬಂದಾಗ ಒಡೆಯ ಏನೆನ್ನುತ್ತಾನೆ, ಅದಕ್ಕೆ ಅವರು ಒಪ್ಪಿದ ಮೇಲೆ ಏನಾಗುತ್ತದೆ, ಮೂರನೆಯ ದಿನ ಯಾರು ದ್ರೋಹ ಬಗೆಯುತ್ತಾರೆ ಎಂದು. ಹೋಲಿಕೆ ಒಂದು ಕಡೆ ನಿಲ್ಲುತ್ತದೆ ಎಂಬುದನ್ನೂ ಹೇಳಬೇಕು. ತಾಳಮದ್ದಳೆಯಲ್ಲಿ ವಾಲಿ ಸಾಯಲೇಬೇಕು, ಪ್ರಸಂಗ ಹಾಗಿದೆ. ನಮ್ಮ ಮೇಜಿನಲ್ಲಿ ವಾಲಿ ಬದುಕಬಹುದು, ರಾಮ ಬಿಲ್ಲನ್ನು ಇಳಿಸಬಹುದು, ಸುಗ್ರೀವನೇ ನಡುವೆ ಬಂದು ಅಣ್ಣನ ಕಾಲು ಹಿಡಿಯಬಹುದು. ಆದುದರಿಂದ ನಿಮ್ಮ ಸಿದ್ಧತೆ ಭಾಗವತರದ್ದಕ್ಕಿಂತ ಒಂದು ಹೆಜ್ಜೆ ಮೊದಲೇ ನಿಲ್ಲಬೇಕು. ಕೊನೆಯ ಪದ್ಯಗಳನ್ನು ಬರೆಯಲೇಬೇಡಿ.

ಹಾಗಾದರೆ ಬರೆಯುವುದು ಏನನ್ನು? ಒಂದು ಹಾಳೆ, ಎರಡು ಬದಿ ಸಾಕು. ನಾನು ಮಂಗಳೂರಿನಲ್ಲಿ ಕಳೆದ ಮಳೆಗಾಲ ನಡೆಸಿದ ಕಥೆಯ ಹಾಳೆಯನ್ನೇ ಉದಾಹರಣೆಗೆ ಕೊಡುತ್ತೇನೆ. ಅಳಿವೆಪೇಟೆ ಎಂಬ ಕಾಲ್ಪನಿಕ ರೇವು. ಅಳಿವೆಯ ಬಾಯಲ್ಲಿ ಬಂಡೆಗಳು, ಬಂಡೆಯ ಮೇಲೆ ದೀಪಸ್ತಂಭ. ಮಳೆ ಹಿಡಿಯುವ ಮುನ್ನ ಕೊನೆಯ ಪಯಣದಲ್ಲಿದ್ದ ಅಕ್ಕಿಯ ಮಂಜಿಯೊಂದು (ಸರಕಿನ ಹಾಯಿಹಡಗು) ಒಂದು ರಾತ್ರಿ ಬಂಡೆಗೆ ಬಡಿದು ಒಡೆಯಿತು. ಆ ರಾತ್ರಿ ದೀಪ ಉರಿಯಲಿಲ್ಲ. ಇಬ್ಬರು ನಾವಿಕರು ಸತ್ತರು. ಇಷ್ಟು ಊರಿನ ಎಲ್ಲರಿಗೂ ಗೊತ್ತು. ಹಾಳೆಯ ಉಳಿದ ಭಾಗದಲ್ಲಿ ಮೂವರು ಮನುಷ್ಯರಿದ್ದರು. ಮೀನುಗಾರರ ಗುರಿಕಾರ: ಕಡಲಿಗೆ ಇಳಿಯಲಾಗದ ಎರಡು ತಿಂಗಳು ಮುಂದಿದೆ, ಊರಿನ ಅಟ್ಟಗಳಲ್ಲಿ ಅಕ್ಕಿಯಿಲ್ಲ, ಒಡೆದ ಹಡಗಿನ ಸರಕು ದಡಕ್ಕೆ ಬಂದರೆ ಮಕ್ಕಳು ಉಣ್ಣುತ್ತಾರೆ ಎಂದು ಲೆಕ್ಕ ಹಾಕಿದವನು. ದೀಪದ ಕಾವಲುಗಾರ: ಗುರಿಕಾರನ ದೋಣಿಯಲ್ಲಿ ದುಡಿಯುವ ಮಗನ ಮಾತಿಗೆ ಕಟ್ಟುಬಿದ್ದು ದೀಪ ಆರಿಸಿದವನು, ಇಬ್ಬರು ಸಾಯುತ್ತಾರೆ ಎಂದು ಎಣಿಸಿರದವನು. ಮಂಜಿಯ ಒಡತಿ: ಸಾಲ ಮಾಡಿ ಎರಡು ಮಂಜಿ ಕೊಂಡವಳು, ಎರಡನೆಯದು ಆಗಲೇ ಹೊರಟಿದೆ, ಅದೂ ಮುಳುಗಿದರೆ ಮನೆ ಹರಾಜು.

ಇವರಲ್ಲಿ ಒಬ್ಬರೂ ಕೆಟ್ಟವರಲ್ಲ ಎಂಬುದನ್ನು ಗಮನಿಸಿ. ಒಬ್ಬೊಬ್ಬರಿಗೂ ತಮ್ಮ ಪಾಲಿನ ನ್ಯಾಯವಿದೆ, ಅದನ್ನು ನಾನು ಅವರ ಬಾಯಿಂದ ವಾದಿಸಬಲ್ಲೆ. ಒಬ್ಬ ವ್ಯಕ್ತಿಯ ಬಗ್ಗೆ "ಅವನಿಗೆ ಏನು ಬೇಕು, ಅದಕ್ಕಾಗಿ ಅವನು ಎಷ್ಟು ದೂರ ಹೋಗುತ್ತಾನೆ, ಅವನು ಯಾರಿಗೆ ಹೆದರುತ್ತಾನೆ" ಎಂಬ ಮೂರು ವಿಷಯ ತಿಳಿದಿದ್ದರೆ ಆಟಗಾರರು ಏನೇ ಮಾಡಲಿ, ಅವನ ಉತ್ತರ ನಿಮಗೆ ತಾನಾಗಿ ಹೊಳೆಯುತ್ತದೆ. ಸಂಭಾಷಣೆ ಬರೆದಿಟ್ಟರೆ ಆಟಗಾರರು ಕೇಳದ ಪ್ರಶ್ನೆಗೆ ಉತ್ತರ ಸಿದ್ಧವಾಗಿರುತ್ತದೆ, ಕೇಳಿದ ಪ್ರಶ್ನೆಗೆ ಇರುವುದಿಲ್ಲ.

ನನ್ನ ಆಟಗಾರರು ಮೊದಲು ದೀಪಸ್ತಂಭಕ್ಕೆ ಹೋಗುತ್ತಾರೆ ಎಂದು ನಾನೂ ಎಣಿಸಿದ್ದೆ. ಅವರು ಸಂತೆಗೆ ಹೋದರು. ಒಬ್ಬಳಿಗೆ ಹಗ್ಗ ಬೇಕಿತ್ತು. ನನ್ನ ಹಾಳೆಯಲ್ಲಿ ಸಂತೆ ಇರಲೇ ಇಲ್ಲ. ಆದರೆ ಅಕ್ಕಿ ಯಾರ ಕೈಯಲ್ಲಿದೆ ಎಂಬುದು ನನಗೆ ಗೊತ್ತಿತ್ತು. ಹಾಗಾಗಿ ಹಗ್ಗದ ಅಂಗಡಿಯ ಪಕ್ಕದಲ್ಲಿ ಒಬ್ಬ ಮುದುಕಿ ಅರ್ಧ ಬೆಲೆಗೆ ಅಕ್ಕಿ ಮಾರುತ್ತಿದ್ದಳು. ಹಿಡಿ ಅಕ್ಕಿ ಮೂಗಿಗೆ ಹಿಡಿದರೆ ಕಡಲಿನ ವಾಸನೆ, ನಾಲಿಗೆಗಿಟ್ಟರೆ ಉಪ್ಪು. ಆ ಕ್ಷಣದಲ್ಲಿ ಮೇಜಿನ ಸುತ್ತ ಎದ್ದ ಸದ್ದನ್ನು ನಾನು ಮರೆತಿಲ್ಲ. ಅದನ್ನು ಮೊದಲೇ ಬರೆದಿಟ್ಟಿದ್ದರೆ ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ. ಈಗ ನಿಮ್ಮ ಕೋಟೆಗೆ ಬರೋಣ. ಆ ಕೋಟೆಯ ಒಡೆಯನಿಗೆ ಬಂದರಿನಿಂದ ಏನು ಬೇಕು? ಅವನ ತೆರಿಗೆಯವನು ಅಲ್ಲಿ ಇರುವುದಿಲ್ಲವೇ? ಅವನ ಮಗಳು ಯಾವ ಹಡಗಿಗಾಗಿ ಕಾಯುತ್ತಿದ್ದಾಳೆ? ಉತ್ತರ ಗೊತ್ತಿದ್ದರೆ ಆಟಗಾರರು ಎತ್ತ ಹೋದರೂ ಕಥೆ ಅವರ ಜೊತೆಗೆ ನಡೆಯುತ್ತದೆ. ಯಾರನ್ನೂ ಎಳೆದು ತರಬೇಕಾಗಿಲ್ಲ. ಎಂಬತ್ತು ಪುಟಗಳಿಂದ ಇಂತಹ ಸಂಗತಿಗಳನ್ನು ಆರಿಸಿಕೊಳ್ಳಿ, ಅವು ಖಂಡಿತ ಅಲ್ಲಿವೆ.

ಇನ್ನೆರಡು ಉಪಾಯಗಳು ಆ ಹಾಳೆಯಲ್ಲಿದ್ದವು. ಆಟಗಾರರು ತಿಳಿಯಲೇಬೇಕಾದ ಸಂಗತಿಯೊಂದಿದ್ದರೆ ಅದಕ್ಕೆ ಕನಿಷ್ಠ ಮೂರು ಸುಳಿವುಗಳನ್ನು ಇಡಿ. ದೀಪವನ್ನು ಬೇಕೆಂದೇ ಆರಿಸಲಾಗಿತ್ತು ಎಂಬುದಕ್ಕೆ ನಾನು ಇಟ್ಟದ್ದು: ಎಣ್ಣೆಯ ಕೊಪ್ಪರಿಗೆ ತುಂಬಿದೆ, ಬತ್ತಿಯನ್ನು ಚೂರಿಯಿಂದ ಕತ್ತರಿಸಲಾಗಿದೆ, ಮತ್ತು ದಡದಲ್ಲಿ ಏಡಿ ಹಿಡಿಯುತ್ತಿದ್ದ ಹುಡುಗನೊಬ್ಬ ದೀಪ ಒಮ್ಮೆಗೇ ಕಪ್ಪಾದದ್ದನ್ನು ಕಂಡಿದ್ದಾನೆ. ಒಂದು ಸುಳಿವು ತಪ್ಪಿಹೋಗುವ ಸಾಧ್ಯತೆ ಅರ್ಧಕ್ಕರ್ಧ ಎಂದಿಟ್ಟುಕೊಳ್ಳಿ. ಒಂದೇ ಸುಳಿವಿದ್ದರೆ ಎರಡು ಆಟಗಳಲ್ಲಿ ಒಂದು ನಿಂತುಹೋಗುತ್ತದೆ, ಮೂರಿದ್ದರೆ ಎಂಟರಲ್ಲಿ ಒಂದು. ಎರಡನೆಯ ಉಪಾಯ, ಆರು ಹೋಳಿನ ಒಂದು ವೃತ್ತ. ಆಟಗಾರರು ಕಾಲ ಕಳೆದಾಗ ಅಥವಾ ಎಡವಿದಾಗ ಒಂದು ಹೋಳಿಗೆ ಬಣ್ಣ ತುಂಬುತ್ತೇನೆ. ಆರೂ ತುಂಬಿದ ರಾತ್ರಿ ಎರಡನೆಯ ಮಂಜಿ ಅಳಿವೆಗೆ ಬರುತ್ತದೆ. ವೃತ್ತವನ್ನು ಎಲ್ಲರಿಗೂ ಕಾಣುವಂತೆ ಮೇಜಿನ ಮೇಲಿಡಿ. ಗಡಿಬಿಡಿ ಮಾಡಿ ಎಂದು ನೀವು ಬಾಯಿಬಿಟ್ಟು ಹೇಳುವ ಅಗತ್ಯವೇ ಬೀಳುವುದಿಲ್ಲ.

ದಾಳದ ವಿಷಯದಲ್ಲಿ ಸ್ವಲ್ಪ ಗಣಿತ ಹೇಳುತ್ತೇನೆ. ಇದು ಗೊತ್ತಿಲ್ಲದೆ ನಾನು ವರ್ಷಗಟ್ಟಲೆ ಆಟ ಕೆಡಿಸಿದ್ದೇನೆ. ಇಪ್ಪತ್ತು ಮುಖದ ದಾಳದಲ್ಲಿ ಪ್ರತಿ ಮುಖಕ್ಕೂ ಶೇಕಡಾ 5ರ ಪಾಲು. ಹನ್ನೊಂದು ಅಥವಾ ಹೆಚ್ಚು ಬೇಕು ಎಂದರೆ ಅವಕಾಶ ಸರಿಯಾಗಿ ಶೇಕಡಾ 50. ಈಗ ನೀವು ಐವರಿಗೂ "ಏನಾದರೂ ಕಾಣಿಸುತ್ತದೆಯೇ, ದಾಳ ಹಾಕಿ" ಎನ್ನುತ್ತೀರಿ. ಐವರಲ್ಲಿ ಒಬ್ಬರಿಗಾದರೂ ಕಾಣಿಸುವ ಸಾಧ್ಯತೆ 32ರಲ್ಲಿ 31, ಶೇಕಡಾ 97ರಷ್ಟು. ಹಾಗಿದ್ದರೆ ಹಾಕಿಸಿದ್ದೇಕೆ? ನೇರವಾಗಿ ಹೇಳಿಬಿಡಬಹುದಿತ್ತು. ಮುಂದಿನ ಗಳಿಗೆಯಲ್ಲಿ "ಐವರೂ ಸದ್ದಿಲ್ಲದೆ ದಾಟಬೇಕು, ಒಬ್ಬ ಎಡವಿದರೂ ಕಾವಲುಗಾರ ಏಳುತ್ತಾನೆ" ಎನ್ನುತ್ತೀರಿ. ಐವರೂ ಗೆಲ್ಲುವ ಸಾಧ್ಯತೆ 32ರಲ್ಲಿ 1, ಶೇಕಡಾ 3. ಇದು ಬಾಗಿಲು ಮುಚ್ಚಿದಂತೆಯೇ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಐದನೆಯ ಆವೃತ್ತಿಯಲ್ಲಿ ಇದಕ್ಕೆಂದೇ ಗುಂಪಿನ ಪರೀಕ್ಷೆಯ ನಿಯಮವಿದೆ: ಅರ್ಧದಷ್ಟು ಮಂದಿ ಗೆದ್ದರೆ ಇಡೀ ಗುಂಪು ಗೆದ್ದಂತೆ. ಐವರಲ್ಲಿ ಮೂವರು ಗೆಲ್ಲಬೇಕೆಂದಾದರೆ ಅವಕಾಶ ಮತ್ತೆ ಶೇಕಡಾ 50ಕ್ಕೆ ಬರುತ್ತದೆ. ಒಬ್ಬರಿಗೊಬ್ಬರು ನೆರವಾದರೆ ಎರಡು ದಾಳ ಹಾಕಿ ದೊಡ್ಡದನ್ನು ಇಟ್ಟುಕೊಳ್ಳಲು ಬಿಡಿ. ಅರ್ಧಕ್ಕರ್ಧ ಇದ್ದ ಅವಕಾಶ ಶೇಕಡಾ 75 ಆಗುತ್ತದೆ. ನೆರವಾಗುವ ಅಭ್ಯಾಸವೂ ತಾನಾಗಿ ಬೆಳೆಯುತ್ತದೆ.

ದಾಳ ಹಾಕಿದಾಗಲೆಲ್ಲ ಆಟ ನಿಲ್ಲುತ್ತದೆ ಎಂದಿರಿ. ಅದು ದಾಳ ಸೋತಾಗ "ಏನೂ ಆಗಲಿಲ್ಲ" ಎಂದು ನೀವು ಹೇಳುವುದರಿಂದ. ದೀಪಸ್ತಂಭದ ಬೀಗ ತೆರೆಯುವ ಪ್ರಯತ್ನ ಸೋತಿತೆಂದುಕೊಳ್ಳಿ. ಬೀಗ ತೆರೆಯಲಿಲ್ಲ ಎಂದರೆ ಐವರು ಬಾಗಿಲ ಮುಂದೆ ನಿಂತೇ ಇರುತ್ತಾರೆ. ಬೀಗ ತೆರೆಯಿತು, ಆದರೆ ಸರಳು ಕೈಯಿಂದ ಜಾರಿ ಮೆಟ್ಟಿಲ ಮೇಲೆ ಉರುಳುತ್ತಾ ಹೋಯಿತು, ಮೇಲಿನ ಕೋಣೆಯಲ್ಲಿ ಯಾರೋ ಚಿಮಣಿ ದೀಪ ಹಚ್ಚಿದರು ಎಂದರೆ? ಸೋಲು ಸೋಲಾಗಿಯೇ ಉಳಿಯಿತು, ಕಥೆ ಮುಂದೆ ನಡೆಯಿತು. ಸೋತರೆ ಏನಾಗುತ್ತದೆ ಎಂಬುದು ದಾಳ ಕೈಯಲ್ಲಿರುವಾಗಲೇ ನಿಮಗೆ ಹೊಳೆಯದಿದ್ದರೆ ದಾಳ ಹಾಕಿಸಬೇಡಿ, ಕೆಲಸ ಆಯಿತು ಎನ್ನಿ.

ಮಾತು ಜಾಸ್ತಿಯಿರುವ ಗೆಳೆಯನ ಮೇಲೆ ನನಗೆ ಸಿಟ್ಟಿಲ್ಲ, ನೀವೂ ಸಿಟ್ಟಾಗಬೇಡಿ. ಬಹುತೇಕ ಅವನು ಮೇಜಿನ ಮೌನಕ್ಕೆ ಹೆದರಿ ಮಾತನಾಡುತ್ತಿದ್ದಾನೆ. ತಾಳಮದ್ದಳೆಯಲ್ಲಿ ಒಳ್ಳೆಯ ಅರ್ಥಧಾರಿಯ ಗುರುತೇನು? ತನ್ನ ಮಾತಿನ ಕೊನೆಗೆ ಎದುರಾಳಿಗೆ ಒಂದು ಎಳೆಯನ್ನು ಬಿಟ್ಟುಕೊಡುತ್ತಾನೆ, ಅದನ್ನು ಹಿಡಿದು ಎದುರಾಳಿ ಮೇಲೇಳುತ್ತಾನೆ. ಆಟದ ಮೊದಲು ಅವನನ್ನು ಬೇರೆಯಾಗಿ ಕರೆದು ಹೀಗೆ ಹೇಳಿ: "ನೀನು ಚೆನ್ನಾಗಿ ಆಡುತ್ತೀಯ. ಈ ವಾರ ಪ್ರತಿ ದೃಶ್ಯದಲ್ಲೂ ಒಮ್ಮೆ ಬೇರೆಯವರ ಪಾತ್ರಕ್ಕೆ ಒಂದು ಪ್ರಶ್ನೆ ಕೇಳು." ಅವನ ಶಕ್ತಿಗೆ ಒಂದು ಕೆಲಸ ಸಿಗುತ್ತದೆ. ಅದಕ್ಕೂ ಬಗ್ಗದೆ ಇನ್ನೊಬ್ಬರ ಪಾತ್ರದ ನಿರ್ಧಾರವನ್ನು ಅವನೇ ಹೇಳಿದರೆ, ಭಾಗವತರು ಪದ್ಯ ಎತ್ತಿಕೊಳ್ಳುವಂತೆ ನೀವು ನಡುವೆ ಬನ್ನಿ. ಮಾತನ್ನು ಆ ಪಾತ್ರದ ಒಡೆಯರ ಕಡೆಗೆ ತಿರುಗಿಸಿ. ಮೆತ್ತಗೆ, ಆದರೆ ಪ್ರತಿ ಸಲವೂ.

ಮೌನವಾಗಿರುವ ಗೆಳತಿಯ ವಿಷಯ ಸೂಕ್ಷ್ಮ. ಮೌನವೆಲ್ಲ ಬೇಸರವಲ್ಲ. ಕೆಲವರು ಕೇಳುತ್ತಾ ಕುಳಿತೇ ತುಂಬ ಸುಖಪಡುತ್ತಾರೆ, ಅವರನ್ನು ಮಾತಿಗೆಳೆಯುವುದೇ ಹಿಂಸೆ. ಅವರು ಪ್ರತಿ ವಾರ ಬರುತ್ತಿದ್ದಾರೆಯೇ? ಬರುತ್ತಿದ್ದರೆ ಏನೋ ಇಷ್ಟವಾಗುತ್ತಿದೆ. ಏನೆಂದು ಫೋನಿನಲ್ಲಿ ಕೇಳಿ, ಎಲ್ಲರೆದುರು ಕೇಳಬೇಡಿ. ಮೇಜಿನಲ್ಲಿ "ನೀವು ಏನು ಮಾಡುತ್ತೀರಿ?" ಎಂಬ ಪ್ರಶ್ನೆ ಅಂಥವರಿಗೆ ಬಾವಿಯಂತೆ ಆಳವಾಗಿ ಕಾಣುತ್ತದೆ. ಅದರ ಬದಲು ಸಣ್ಣ, ಗಟ್ಟಿಯಾದ ಪ್ರಶ್ನೆ ಕೇಳಿ. ನಿಮ್ಮ ಪಾತ್ರ ಈಗ ಬಾಗಿಲ ಹತ್ತಿರ ನಿಂತಿದೆಯೇ, ಕಿಟಕಿಯ ಹತ್ತಿರವೇ? ಈ ಮುದುಕಿಯನ್ನು ನೋಡಿದರೆ ನಿಮ್ಮ ಪಾತ್ರಕ್ಕೆ ಯಾರ ನೆನಪಾಗುತ್ತದೆ? ಇನ್ನೊಂದು ಉಪಾಯವೂ ಉಂಟು. ಅವರೊಬ್ಬರಿಗೇ ಗೊತ್ತಿರುವ ಸಂಗತಿಯನ್ನು ಚೀಟಿಯಲ್ಲಿ ಬರೆದು ಕೊಡಿ. ನಮ್ಮ ಆಟದಲ್ಲಿ ಬತ್ತಿ ಕತ್ತರಿಸಿದ ಚೂರಿ ಯಾರದೆಂದು ಗುರುತಿಸಬಲ್ಲವಳು ಅಂತಹ ಒಬ್ಬಳೇ ಆಗಿದ್ದಳು. ಎರಡು ಗಂಟೆ ಚೀಟಿಯನ್ನು ಅಂಗೈಯಲ್ಲಿ ಮುಚ್ಚಿಟ್ಟುಕೊಂಡು ಕುಳಿತಿದ್ದವಳು ಕೊನೆಗೆ ಒಂದೇ ವಾಕ್ಯ ಹೇಳಿದಳು, ಎಲ್ಲರೂ ಅವಳ ಕಡೆಗೆ ತಿರುಗಿದರು.

ಭಾಷೆಯ ಸಂಕೋಚದ ಬಗ್ಗೆ ನೀವು ಬರೆದದ್ದು ನನ್ನ ಮನಸ್ಸಿಗೆ ಹತ್ತಿರದ್ದು. ನಿಯಮದ ಪದಗಳು ಇಂಗ್ಲಿಷಿನಲ್ಲೇ ಇರಲಿ. ಹಿಟ್ ಪಾಯಿಂಟ್ (ಎಷ್ಟು ಏಟು ತಾಳಬಲ್ಲದು ಎಂಬ ಅಂಕಿ), ಆರ್ಮರ್ ಕ್ಲಾಸ್ (ಏಟು ತಾಗಿಸುವುದು ಎಷ್ಟು ಕಷ್ಟ ಎಂಬ ಅಂಕಿ) ಎಂಬವನ್ನು ಅನುವಾದಿಸಿ ತೊಂದರೆಪಡುವ ಅಗತ್ಯವಿಲ್ಲ. ಕ್ರಿಕೆಟ್ ಆಡುವಾಗ ನಾವು ಎಲ್‌ಬಿಡಬ್ಲ್ಯು ಎನ್ನುವುದಿಲ್ಲವೇ? ಪಾಶ್ಚಾತ್ಯ ಕಥೆಗಳ ಎಲ್ಫನ್ನು ಗಂಧರ್ವ ಎಂದೂ ಕರೆಯಬೇಡಿ, ಎರಡಕ್ಕೂ ಅನ್ಯಾಯವಾಗುತ್ತದೆ. ಆದರೆ ಪಾತ್ರ ಬಾಯಿ ತೆರೆದಾಗ ಅದು ಮನೆಮಾತಿನಲ್ಲಿ ತೆರೆಯಲಿ. ಉಡುಪಿಯ ಮೇಜೆಂದರೆ ತುಳು, ಕೊಂಕಣಿ, ಕುಂದಾಪ್ರ ಕನ್ನಡ, ಬ್ಯಾರಿ, ಎಲ್ಲವೂ ಇರುವ ಮೇಜು. ಗುರಿಕಾರ ತುಳುವಿನಲ್ಲಿ ಗದರಲಿ, ವ್ಯಾಪಾರಿ ಕೊಂಕಣಿಯಲ್ಲಿ ಲೆಕ್ಕ ಹೇಳಲಿ, ಅರ್ಥವಾಗದವರಿಗೆ ಪಕ್ಕದವರು ಹೇಳಲಿ. ನಿಜವಾದ ರೇವಿನಲ್ಲಿ ಆಗುವುದೂ ಹಾಗೆಯೇ. ಸಂಕೋಚ ಮುರಿಯಲು ಮೊದಲು ನೀವೇ ಆಡಬೇಕು, ಅದೂ ದೊಡ್ಡ ರಾಜನ ಪಾತ್ರದಿಂದ ಶುರುಮಾಡಬಾರದು. ಗ್ರಾಂಥಿಕ ಕನ್ನಡದ ರಾಜನನ್ನು ಕಂಡರೆ ಎಲ್ಲರಿಗೂ ಮಾತು ಕಟ್ಟುತ್ತದೆ. ಮೀನು ಮಾರುವ ಹೆಂಗಸು, ದೋಣಿ ದಾಟಿಸುವವನು, ಇಂಥವರ ಬಾಯಿಂದ ಶುರುಮಾಡಿ.

ಇಂಗ್ಲಿಷಿನಲ್ಲಿ ಆಡುವವರಿಗೆ ಇಲ್ಲದ ಒಂದು ಆಯುಧ ನಮ್ಮ ಕೈಯಲ್ಲಿದೆ: ನೀನು ಮತ್ತು ನೀವು. ನನ್ನ ದೀಪದ ಕಾವಲುಗಾರ ಮೂರು ವಾರಗಳ ಕಾಲ ಎಲ್ಲರನ್ನೂ ವಿನಯದಿಂದ "ನೀವು" ಎಂದೇ ಮಾತನಾಡಿಸಿದ. ಚೂರಿಯನ್ನು ಅವನ ಮುಂದೆ ಇಟ್ಟಾಗ ಅವನು ಬಹಳ ಹೊತ್ತು ಸುಮ್ಮನಿದ್ದು, "ನಿನಗೆ ಮಕ್ಕಳಿದ್ದಾರೆಯೇ?" ಎಂದು ಕೇಳಿದ. ದನಿ ಏರಿಸಲಿಲ್ಲ, ದಾಳ ಹಾಕಲಿಲ್ಲ. ಆ ಒಂದು ಏಕವಚನಕ್ಕೆ ಐವರೂ ಬೆನ್ನು ನೆಟ್ಟಗೆ ಮಾಡಿ ಕುಳಿತರು.

ನೀವು ಕೇಳದಿದ್ದರೂ ಹೇಳಬೇಕಾದ ಎರಡು ವಿಷಯಗಳಿವೆ. ನಮ್ಮ ಊರಿನ ಕಥೆ ಕಟ್ಟಲು ಹೊರಟವರಿಗೆ ಮೊದಲು ಹೊಳೆಯುವುದು ದೈವಗಳು. ಪಂಜುರ್ಲಿ, ಗುಳಿಗ, ಕೊರಗಜ್ಜ ಎಂಬ ಹೆಸರುಗಳನ್ನು ಶತ್ರುವಾಗಿಯೋ ಅಂಕಿಗಳಿರುವ ಪ್ರಾಣಿಯಾಗಿಯೋ ಮೇಜಿಗೆ ತರಬೇಡಿ. ನಿಮ್ಮ ಮೇಜಿನಲ್ಲಿ ಕುಳಿತವರ ಮನೆಯಲ್ಲಿ ದೈವಕ್ಕೆ ತಂಬಿಲದ ಸೇವೆ ನಡೆಯುತ್ತಿರಬಹುದು. ಹರಕೆ ಹೊತ್ತ ಅಮ್ಮ ಇರಬಹುದು. ಜನ ಕೈಮುಗಿಯುವ ಶಕ್ತಿಗೆ ಹಿಟ್ ಪಾಯಿಂಟ್ ಬರೆಯುವುದು ನನಗೆ ಸರಿಕಾಣುವುದಿಲ್ಲ. ನಮ್ಮ ಕರಾವಳಿಯಲ್ಲಿ ಬೇರೆ ಸಾಮಗ್ರಿಗೆ ಕೊರತೆಯೇನಿದೆ? ಬಾರ್ಕೂರು, ಬಸ್ರೂರುಗಳ ಹಳೆಯ ರೇವಿನ ವ್ಯಾಪಾರ, ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ಅಬ್ಬಕ್ಕನ ಕಾಲ, ಮಲ್ಪೆಯೆದುರಿನ ದ್ವೀಪದಲ್ಲಿ ಕಂಬಗಳಂತೆ ನಿಂತ ಕಪ್ಪು ಕಲ್ಲುಗಳು, 1901ರಿಂದ ಉರಿಯುತ್ತಿರುವ ಕಾಪುವಿನ ದೀಪಸ್ತಂಭ. ಇವುಗಳಲ್ಲಿ ಒಂದನ್ನು ದಿಟ್ಟಿಸಿ ನೋಡಿದರೂ ಒಂದು ಮಳೆಗಾಲಕ್ಕಾಗುವಷ್ಟು ಕಥೆ ಸಿಗುತ್ತದೆ.

ಎರಡನೆಯದು ನನ್ನ ತಪ್ಪಿನಿಂದ ಕಲಿತದ್ದು. ಹಲವು ವರ್ಷಗಳ ಹಿಂದೆ ಬಿರುಗಾಳಿಯಲ್ಲಿ ದೋಣಿ ಮಗುಚುವ ದೃಶ್ಯವನ್ನು ಉತ್ಸಾಹದಿಂದ ವರ್ಣಿಸುತ್ತಿದ್ದೆ. ಒಬ್ಬ ಆಟಗಾರ ಎದ್ದು ಜಗಲಿಗೆ ಹೋದ, ಹಿಂದಿರುಗಲಿಲ್ಲ. ಅವನ ಮನೆಯ ಹಿರಿಯರೊಬ್ಬರು ಕಡಲಿಗೆ ಹೋದವರು ಮರಳಿ ಬಂದಿರಲಿಲ್ಲ ಎಂದು ನನಗೆ ಆಮೇಲೆ ತಿಳಿಯಿತು. ಕೇಳಿದ್ದರೆ ಮೊದಲೇ ತಿಳಿಯುತ್ತಿತ್ತು. ಅಂದಿನಿಂದ ಹೊಸ ಕಥೆಯ ಮೊದಲು ಒಂದು ಸಂಜೆ ಆಡದೆ ಕೂರುತ್ತೇವೆ. ಇದನ್ನು ಆಡುವವರು ಸೆಷನ್ ಝೀರೋ ಎನ್ನುತ್ತಾರೆ. ಕಥೆಯಲ್ಲಿ ಏನಿರಲಿ, ಏನು ಬೇಡವೇ ಬೇಡ ಎಂದು ಒಬ್ಬೊಬ್ಬರೂ ಹೇಳುತ್ತಾರೆ, ಕಾರಣ ಯಾರೂ ಕೇಳುವುದಿಲ್ಲ. ಮೇಜಿನ ನಡುವೆ ಒಂದು ಕಾರ್ಡ್ ಇರುತ್ತದೆ. ಆಟದ ನಡುವೆ ಯಾರಾದರೂ ಅದನ್ನು ಮುಟ್ಟಿದರೆ ಆ ದೃಶ್ಯವನ್ನು ಅಲ್ಲಿಗೇ ಬಿಟ್ಟು ಮುಂದೆ ಹೋಗುತ್ತೇವೆ. ಅಳಿವೆಪೇಟೆಯ ಕಥೆಯಲ್ಲಿ ಮಂಜಿ ಒಡೆದದ್ದು ಆಟ ಶುರುವಾಗುವ ಮೊದಲೇ ಆಗಿಹೋಗಿತ್ತು. ಆ ರಾತ್ರಿಯನ್ನು ನಾನು ಒಮ್ಮೆಯೂ ವರ್ಣಿಸಲಿಲ್ಲ.

ಬರದವರ ವಿಷಯಕ್ಕೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. ಕೆಲಸ, ಪರೀಕ್ಷೆ, ಮದುವೆ, ಊರಿನ ನೇಮ, ಕಾರಣ ನೂರು ಇರುತ್ತವೆ. ಡಿಎಂ ಅಲ್ಲದೆ ಮೂವರು ಬಂದರೆ ಆಡುವುದು ಎಂದು ನಿರ್ಧರಿಸಿ, ಆ ನಿರ್ಧಾರವನ್ನು ಎಲ್ಲರಿಗೂ ತಿಳಿಸಿ. ಬರದವರ ಪಾತ್ರ ಆ ವಾರ ಜ್ವರ ಹಿಡಿದು ಛತ್ರದಲ್ಲಿ ಮಲಗಿರಲಿ. ಆಟ ರದ್ದಾಗುವುದಿಲ್ಲ ಎಂದು ಖಾತ್ರಿಯಾದರೆ ಬರುವ ಮನಸ್ಸೂ ಗಟ್ಟಿಯಾಗುತ್ತದೆ. ಕೊನೆಯಿಲ್ಲದ ಕಥೆಗೆ ಕೈಹಾಕದೆ ನಾಲ್ಕು ವಾರದಲ್ಲಿ ಮುಗಿಯುವುದನ್ನು ಇಟ್ಟುಕೊಳ್ಳಿ. ನಾಲ್ಕು ಭಾನುವಾರ ಕೊಡಲು ಯಾರೂ ಹಿಂಜರಿಯುವುದಿಲ್ಲ. ಮೇ ಕೊನೆಯ ಪತ್ತನಾಜೆಯ ಹೊತ್ತಿಗೆ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದ ತಾಳಮದ್ದಳೆಗಳು ಶುರುವಾಗುವಂತೆ, ದೊಡ್ಡ ಕಥೆಯೇನಾದರೂ ಇದ್ದರೆ ನೀವೂ ಜೂನ್‌ನಿಂದ ಸೆಪ್ಟೆಂಬರ್ ತನಕ ಇಟ್ಟುಕೊಳ್ಳಿ. ಆಗ ಜನ ಮನೆಯಲ್ಲೇ ಇರುತ್ತಾರೆ. ಕರೆಂಟ್ ಹೋಗುವ ಕಾಲವೂ ಅದೇ, ಹಾಗಾಗಿ ಪಾತ್ರದ ವಿವರ ಬರೆಯುವ ಕ್ಯಾರೆಕ್ಟರ್ ಶೀಟ್ ಮೊಬೈಲಿನಲ್ಲಿ ಬೇಡ, ಕಾಗದದಲ್ಲಿರಲಿ. ಗೋಳಿಬಜೆಯ ತಟ್ಟೆಯನ್ನು ಬೇರೆ ಸ್ಟೂಲಿನ ಮೇಲಿಡಿ. ಹೊಸಬರು ಯಾರಾದರೂ ಸೇರಿದರೆ ದುಬಾರಿ ಪುಸ್ತಕ ಕೊಳ್ಳಲು ಹೇಳಬೇಡಿ. ಐದನೆಯ ಆವೃತ್ತಿಯ ಮೂಲ ನಿಯಮಗಳ ಸಂಗ್ರಹವನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಿದ್ದಾರೆ. ಅದನ್ನು ಹಣ ಕೊಡದೆ ಇಳಿಸಿಕೊಳ್ಳಬಹುದು, ಕನ್ನಡಕ್ಕೆ ತಂದು ಹಂಚಲೂಬಹುದು, ಮೂಲವನ್ನು ಹೆಸರಿಸಿದರೆ ಸಾಕು.

ಮುಂದಿನ ಭಾನುವಾರ ಮೂವರೇ ಬಂದರೂ ಶುರುಮಾಡಿ. ಬೇಕಾದರೆ ನನ್ನ ಅಳಿವೆಪೇಟೆಯನ್ನೇ ತೆಗೆದುಕೊಳ್ಳಿ, ಮೇಲೆ ಹೇಳಿದ್ದಕ್ಕಿಂತ ಹೆಚ್ಚು ನನ್ನ ಹಾಳೆಯಲ್ಲೂ ಇರಲಿಲ್ಲ. ಕಾವಲುಗಾರನ ಮಗನಿಗೆ ಮಾತ್ರ ನಾನು ಹೆಸರಿಟ್ಟಿಲ್ಲ. ಅವನು ಮೊದಲ ಬಾರಿ ಬಾಗಿಲಲ್ಲಿ ಬಂದು ನಿಂತಾಗ ನಿಮ್ಮ ಆ ಮಾತಿಲ್ಲದ ಗೆಳತಿಯ ಕಡೆಗೆ ತಿರುಗಿ, "ಇವನನ್ನು ನೀವು ಚಿಕ್ಕಂದಿನಿಂದ ಬಲ್ಲಿರಿ. ಇವನ ಹೆಸರೇನು?" ಎಂದು ಕೇಳಿ. ಉತ್ತರ ಬರುವ ತನಕ ಕಾಯಿರಿ.